ಬೇಡವೆಂದು ಬಿಟ್ಟ ವೈರು

ಬೀದಿಯವರು ಅವಳನ್ನು ಉಳಿಯಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕೂಗುವವರು ಯಾರೂ ಉಳಿದಿರಲಿಲ್ಲ. ತಮ್ಮನಿಗೆ ಅಕ್ಕ, ಮಗಳಿಗೆ ಅಮ್ಮ, ಮಿಕ್ಕವರಿಗೆಲ್ಲ ಉಳಿಯಮ್ಮ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅವಳ ಮರಗೆಲಸ. ಬಾಗಿಲು, ಕಿಟಕಿ, ಮಂಚ, ಕಾಲು ಮುರಿದ ಕುರ್ಚಿ, ಏನು ತಂದುಹಾಕಿದರೂ ಕೈಯಲ್ಲೇ ಮಾಡಿಕೊಡುತ್ತಿದ್ದಳು. ಕೈಯಲ್ಲೇ ಎಂದರೆ ನಿಜಕ್ಕೂ ಕೈಯಲ್ಲೇ. ಗರಗಸ, ಉಳಿ, ಕೊಡತಿ, ಹತ್ತರಿ, ಬೈರಿಗೆ, ಇವುಗಳಲ್ಲಿ ಯಾವುದಕ್ಕೂ ಬಾಲವಿರಲಿಲ್ಲ. ಬಾಲ ಎಂದರೆ ವೈರು. ವೈರು ನೇತಾಡುವ ಯಾವ ಯಂತ್ರವನ್ನೂ ಅವಳು ಶೆಡ್ಡಿನ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಕೈಗೆಲಸದ ಸೊಗಸೇ ಬೇರೆ ಎಂದು ತಲೆದೂಗುವ ಗಿರಾಕಿಗಳಿದ್ದರು. ಅವರಿಗೇನು ಗೊತ್ತು. ಅದು ಸೊಗಸೂ ಅಲ್ಲ, ಹಟವೂ ಅಲ್ಲ, ಶುದ್ಧ ಹೆದರಿಕೆ. ಎಂಟು ವರ್ಷಗಳ ಹಿಂದೆ ಅದೇ ಶೆಡ್ಡಿನಲ್ಲಿ ಮರ ಕೊಯ್ಯುವ ಯಂತ್ರದಿಂದ ಕರೆಂಟು ಹೊಡೆದು ಅವಳ ಗಂಡ ಸತ್ತಿದ್ದ. ಅವಳು ಆಗ ಹಿಂದಿನ ಅಡುಗೆಮನೆಯಲ್ಲಿದ್ದಳು. ಯಂತ್ರದ ಸದ್ದು ಕೇಳುತ್ತಲೇ ಇತ್ತು. ಹಲಗೆ ಸಿಕ್ಕಾಗ ದಪ್ಪವಾಗಿ, ಬಿಟ್ಟಾಗ ಸಣ್ಣಗಾಗಬೇಕಾದ ಸದ್ದು ಒಂದೇ ಸಮನೆ ಕೂಗುತ್ತಿದೆಯಲ್ಲ ಎಂದು ಅನುಮಾನ ಬಂದು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅವಳು ಯಂತ್ರವನ್ನು ಗುಜರಿಯವನಿಗೆ ಕೊಟ್ಟಳು, ಶೆಡ್ಡಿನ ಕರೆಂಟು ತೆಗೆಸಿದಳು. ಅಂದಿನಿಂದ ತಗಡಿನ ನಡುವೆ ಕೂರಿಸಿದ ಗಾಜಿನಿಂದ ಎಷ್ಟು ಬೆಳಕು ಬೀಳುತ್ತದೋ ಅಷ್ಟೇ ಕೆಲಸ. ಮನೆಯೊಳಗೆ ದೀಪಗಳಿದ್ದವು, ದೀಪವಿಲ್ಲದೆ ಸಂಸಾರ ಸಾಗುತ್ತದೆಯೇ. ಆದರೆ ಸ್ವಿಚ್ಚನ್ನು ಅವಳು ಒತ್ತುತ್ತಿದ್ದದ್ದು ಮರದ ಸೌಟಿನ ಹಿಡಿಯಿಂದ. ನೆಂಟರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗುವವರು ನಗಲಿ, ನನ್ನ ಮಗಳು ಉಳಿಯಲಿ ಎಂದು ಅವಳು ಸುಮ್ಮನಿರುತ್ತಿದ್ದಳು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎಂಬುದು ಸುಳ್ಳಲ್ಲ.

ಮಗಳು ಆಗಷ್ಟೇ ಕಾಲೇಜು ಸೇರಿದ್ದಳು. ಮಾಮೂಲಿ ಗಿಟಾರನ್ನು ಯಾರ ಹತ್ತಿರವೋ ಎರವಲು ತಂದು ತಾನೇ ಕಲಿತಿದ್ದಳು, ಚೆನ್ನಾಗಿಯೇ ನುಡಿಸುತ್ತಿದ್ದಳು. ಈಗ ಜೊತೆಯ ಇಬ್ಬರು ಹುಡುಗಿಯರು ಸೇರಿ ತಂಡ ಕಟ್ಟಿದ್ದರು, ಕಾಲೇಜಿನ ಹಾಲಿನಲ್ಲಿ ಕಾರ್ಯಕ್ರಮ ನಿಗದಿಯಾಗಿತ್ತು, ಯಾರೋ ಕೊಟ್ಟ ಹಳೆಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅಲ್ಲೇ ತಾಲೀಮು ನಡೆಯುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು ನಗುನಗುತ್ತಾ ಹೇಳಿದಳು: ಗಿಟಾರ್ ಹಿಡಿದುಕೊಂಡು ಹಾಡೋಕೆ ಹೋದೆ, ತುಟಿ ಮೈಕಿಗೆ ತಗುಲಿತು, ಹಲ್ಲೆಲ್ಲ ಜುಮ್ಮೆಂದುಬಿಟ್ಟಿತು, ಎಲ್ಲರೂ ಬಿದ್ದುಬಿದ್ದು ನಕ್ಕರು ಎಂದು.

ಉಳಿಯಮ್ಮನ ತುತ್ತು ಕೈಯಲ್ಲೇ ಉಳಿಯಿತು. ಬೈಯಲಿಲ್ಲ, ಬೇಡ ಎನ್ನಲೂ ಇಲ್ಲ. ಬೇಡ ಎಂದರೆ ಕದ್ದು ನುಡಿಸುತ್ತಾಳೆ, ಆ ವಯಸ್ಸೇ ಹಾಗೆ. ಹಾಗೆಂದು ಬಿಟ್ಟರೆ ಒಂದು ದಿನ ಯಾರೋ ಬಾಗಿಲು ತಟ್ಟಿ ಬನ್ನಿ ಎಂದು ಕರೆಯುತ್ತಾರೆ. ಆ ತಟ್ಟುವ ಸದ್ದು ಅವಳಿಗೆ ಆಗಲೇ ಕೇಳಿಸಿತು. ಇರುವುದು ಇದೊಂದೇ ಜೀವ.

"ಅದನ್ನ ವಾಪಸ್ ಕೊಟ್ಬಿಡು. ನಾನು ಮಾಡಿಕೊಡ್ತೀನಿ," ಎಂದಳು.

ಮಗಳು ಅನ್ನ ಕಲಸುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುವುದೊಂದು ಬಾಕಿ.

ಮರುದಿನವೇ ಉಳಿಯಮ್ಮ ತಮ್ಮನನ್ನು ಕರೆಸಿದಳು. ಅವನದು ಎರಡು ಬೀದಿ ಆಚೆ ರಿಪೇರಿ ಅಂಗಡಿ. ಟಿವಿ, ಫ್ಯಾನು, ಮದುವೆ ಮನೆಯ ಮೈಕ್ ಸೆಟ್ಟು ಎಲ್ಲ ಬಿಚ್ಚಿ ಜೋಡಿಸುತ್ತಿದ್ದ. ಊರೆಲ್ಲ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದದ್ದು ರಿಪೇರಿಯ ಕಾರಣಕ್ಕಲ್ಲ, ಒಮ್ಮೆ ಬಾಯಿ ತೆರೆದರೆ ಮುಚ್ಚುವ ಗುಂಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ. ಅಕ್ಕ ಎಲೆಕ್ಟ್ರಿಕ್ ಗಿಟಾರು ಮಾಡುತ್ತಾಳೆಂದು ಕೇಳಿ ಅವನೂ ಒಂದು ಗಳಿಗೆ ಬಾಯಿ ಮುಚ್ಚಿದ. ಆಮೇಲೆ ಕೆಟ್ಟು ಕೂತಿದ್ದ ಒಂದು ಗಿಟಾರನ್ನು ಅಳತೆಗೂ ಬಿಡಿಭಾಗಗಳಿಗೂ ಎಂದು ತಂದುಕೊಟ್ಟ, ಒಳಗಿನ ವೈರುಗಳ ದಾರಿಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟ.

ಮರದ ಕೆಲಸ ನಡೆಯುವಷ್ಟು ದಿನ ಅವಳಿಗೆ ಭಯವಿರಲಿಲ್ಲ, ಅದನ್ನು ಹೇಳಲೇಬೇಕು. ಕೆಡವಿದ ಕಟ್ಟಡವೊಂದರ ಬಾಗಿಲಿನ ದಪ್ಪ ಚೌಕಟ್ಟು ಸಿಕ್ಕಿತ್ತು, ಒಣಗಿ ಒಣಗಿ ಗಂಟೆಯ ಹಾಗೆ ನುಡಿಯುವ ಮರ. ಎರಡು ತುಂಡು ಅಂಟಿಸಿ ಒಡಲು ಮಾಡಿದಳು. ಕತ್ತನ್ನು ಎರಡು ಸಲ ಮಾಡಬೇಕಾಯಿತು. ಮೊದಲನೆಯದರ ಎಳೆ ಓರೆಯಾಗಿತ್ತು, ತಂತಿ ಬಿಗಿದರೆ ತಿರುಚಿಕೊಳ್ಳುತ್ತದೆಂದು ಎತ್ತಿಟ್ಟಳು. ಎರಡನೆಯದನ್ನು ಕೀಸುವಾಗ ಮಗಳನ್ನು ಕರೆದು, ಅವಳ ಅಂಗೈಯೊಳಗೆ ಇಟ್ಟು ಹಿಡಿಸಿ, ಎಲ್ಲಿ ಹೆಬ್ಬೆರಳಿಗೆ ದಪ್ಪ ಎನಿಸುತ್ತದೆಂದು ಕೇಳಿ, ಅಲ್ಲಿ ಮಾತ್ರ ಒಂದು ಎಳೆ ತೆಗೆದಳು. ಹೀಗೆ ಕೇಳುವುದು, ತೆಗೆಯುವುದು, ಮತ್ತೆ ಹಿಡಿಸುವುದು. ಇಬ್ಬರೂ ಅಷ್ಟು ಹೊತ್ತು ಹತ್ತಿರ ಕೂತು ಎಷ್ಟೋ ಕಾಲವಾಗಿತ್ತು. ಬೆರಳು ಒತ್ತುವ ಲೋಹದ ಮೆಟ್ಟಿಲುಗಳನ್ನು ಕೂರಿಸಲು ಗೆರೆ ಕೊಯ್ಯುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಕೂದಲೆಳೆ ಆಚೀಚೆ ಆದರೂ ಸ್ವರ ಅಪಸ್ವರ. ಬಾಗಿಲಿನಲ್ಲಾದರೆ ಅಷ್ಟು ತಪ್ಪಿಗೆ ಒಂದು ಪಟ್ಟಿ ಹೊಡೆದು ಮುಚ್ಚಬಹುದಿತ್ತು.

ರೇಡಿಯೋ ಬಂದು ನೋಡಿ, ಅಕ್ಕ, ಇದೇನು ಗಿಟಾರೋ ಅಡುಗೆಮನೆಯ ಮಣೆಯೋ ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು, ನೀನು ನಿನ್ನ ಕೆಲಸ ನೋಡು ಎಂದು ಅವಳು ಉಪ್ಪುಕಾಗದ ಉಜ್ಜುತ್ತಲೇ ಇದ್ದಳು.

ಒಡಲಿನ ಬೆನ್ನಲ್ಲಿ ವೈರುಗಳಿಗೆಂದು ಗುಂಡಿ ತೋಡುವ ದಿನ ಹೆದರಿಕೆ ಮರಳಿ ಬಂತು. ರೇಡಿಯೋ ಸಮಾಧಾನವಾಗಿ ವಿವರಿಸಿದ. ಗಿಟಾರಿನೊಳಗೆ ಗೋಡೆಯ ಕರೆಂಟು ಬರುವುದೇ ಇಲ್ಲ. ಅಯಸ್ಕಾಂತಕ್ಕೆ ತಾಮ್ರದ ಸಣ್ಣ ಎಳೆ ಸುತ್ತಿರುತ್ತದೆ, ಮೇಲೆ ತಂತಿ ಅಲುಗಿದರೆ ಅದರಲ್ಲಿ ಒಂದು ಪಿಸುಮಾತಿನಷ್ಟು ಕರೆಂಟು ಹುಟ್ಟುತ್ತದೆ, ಆ ಪಿಸುಮಾತನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರು. ಗೋಡೆಗೆ ಸಿಕ್ಕಿಸುವುದು ಅದನ್ನು, ಗಿಟಾರನ್ನಲ್ಲ. ಅವಳಿಗೆ ಎದೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಅವನು, ಕೊನೆಗೊಂದು ವೈರು ಇದೆ ಎಂದ. ಈ ಗುಂಡಿಯಿಂದ ಓರೆಯಾಗಿ ಸಣ್ಣ ತೂತು ಕೊರೆದು, ತಂತಿಗಳ ಬುಡ ಸಿಕ್ಕಿಕೊಳ್ಳುವ ಲೋಹದ ಬ್ರಿಡ್ಜಿನ ಕೆಳಕ್ಕೆ ಒಂದು ವೈರು ಒಯ್ಯಬೇಕು. ಆಗ ತಂತಿಗಳು, ಈ ವೈರು, ಕೇಬಲ್ಲು, ಆಂಪ್ಲಿಫೈಯರು, ಪ್ಲಗ್ಗಿನ ಮೂರನೇ ಪಿನ್ನು, ಗೋಡೆ, ಅಲ್ಲಿಂದ ನೆಲದ ಮಣ್ಣು, ಎಲ್ಲ ಒಂದಕ್ಕೊಂದು ಸೇರುತ್ತವೆ.

ಅವನು ಇನ್ನೂ ಬಹಳ ಹೇಳಿದ. ಅವಳಿಗೆ ಕೇಳಿಸಿದ್ದು ಒಂದೇ: ಗೋಡೆಯಿಂದ ನನ್ನ ಮಗಳ ಬೆರಳಿನವರೆಗೆ ಎಲ್ಲೂ ತುಂಡಾಗದ ಲೋಹದ ದಾರಿ. ಅದು ಮಣ್ಣಿಗೆ ಹೋಗುವ ದಾರಿ ಅಕ್ಕ ಎಂದ ಅವನು. ಹೋಗುವುದಕ್ಕೆ ದಾರಿ ಎಂದ ಮೇಲೆ ಬರುವುದಕ್ಕೂ ಅದೇ ದಾರಿ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಅವನು ಹೇಳಿದ ಹಾಗೆಯೇ ತೂತು ಕೊರೆದಳು. ತಾಮ್ರದ ಬೆಸುಗೆ ಕೋಲನ್ನು ಒಲೆಯ ಉರಿಯಲ್ಲಿ ಕಾಯಿಸಿ, ಸೀಮೆಸುಣ್ಣದ ಚಿತ್ರ ನೋಡಿಕೊಂಡು, ಒಂದೊಂದೇ ವೈರನ್ನು ತಾನೇ ಬೆಸೆದಳು. ಆ ಕೊನೆಯ ವೈರನ್ನು ಮಾತ್ರ ಹಾಕಲಿಲ್ಲ. ತೂತಿಗೆ ಅದೇ ಮರದ ಒಂದು ಸಣ್ಣ ಕಡ್ಡಿ ತುರುಕಿ, ಅಂಟು ಬಿಟ್ಟು, ಒಣಗಿದ ಮೇಲೆ ಉಜ್ಜಿಬಿಟ್ಟಳು. ಬಡಗಿಗೆ ತೂತು ಮುಚ್ಚುವುದು ಹೇಳಿಕೊಡಬೇಕೇ. ಅಲ್ಲಿ ತೂತಿತ್ತು ಎಂದು ದೇವರು ಬಂದರೂ ಗೊತ್ತಾಗುತ್ತಿರಲಿಲ್ಲ. ಮರ ತನ್ನೊಳಗೆ ಕರೆಂಟನ್ನು ಹಾಯಗೊಡುವುದಿಲ್ಲ, ಮರವನ್ನು ಅವಳು ನಂಬುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಮೊದಲ ಪರೀಕ್ಷೆ ರೇಡಿಯೋನ ಅಂಗಡಿಯಲ್ಲಿ ನಡೆಯಿತು. ಕೇಬಲ್ಲು ಸಿಕ್ಕಿಸಿದ್ದೇ ತಡ, ಆಂಪ್ಲಿಫೈಯರು ಗುಂಯ್ ಎಂದು ಅರಚತೊಡಗಿತು. ಮಗಳು ಒಂದು ತಂತಿ ಮೀಟಿದಳು. ಆ ಅರಚಾಟದ ಕೆಳಗೆ ಒಂದು ಸ್ವರ ಬಂತು, ದುಂಡಗೆ, ಸ್ವಲ್ಪ ಒರಟಾಗಿ, ಬಹಳ ಹೊತ್ತು ನಿಲ್ಲುವಂಥದ್ದು. ಮಗಳ ಮುಖ ಅರಳಿತು. ಮತ್ತೆ ಗುಂಯ್ ಎಂಬುದು ಮೇಲೆದ್ದಿತು, ಮುಖ ಬಾಡಿತು. ಏನು ಮಾಡಿದರೂ ಸದ್ದು ಹೋಗಲಿಲ್ಲ. ರೇಡಿಯೋ ಕೇಬಲ್ಲು ಬದಲಿಸಿದ, ಆಂಪ್ಲಿಫೈಯರು ಬದಲಿಸಿದ, ತಲೆ ಕೆರೆದುಕೊಂಡ. ಉಳಿಯಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ತಂತಿಗಳ ಮೇಲೆ ಓಡಾಡುವ ಮಗಳ ಬೆರಳನ್ನೇ ನೋಡುತ್ತಿದ್ದಳು. ಅರಚಿಕೊಳ್ಳಲಿ, ಅರಚಿದರೆ ಯಾರೂ ಸಾಯುವುದಿಲ್ಲ ಎಂದುಕೊಂಡಳು.

ಮಗಳು ಗಿಟಾರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅಮ್ಮನಿಗೆ ನೋವಾಗದ ಹಾಗೆ ಹೇಳಲು ಮಾತು ಹುಡುಕುತ್ತಿದ್ದಳೆಂಬುದು ಎದ್ದು ಕಾಣುತ್ತಿತ್ತು. ಇದನ್ನು ಮನೆಯಲ್ಲಿ ನುಡಿಸುತ್ತೇನೆ, ಕಾರ್ಯಕ್ರಮಕ್ಕೆ ಆ ಹಳೆಯದನ್ನೇ ಕೇಳಿ ತರುತ್ತೇನೆ, ಅದು ಇಷ್ಟು ಗುಂಯ್‌ಗುಡುವುದಿಲ್ಲ ಎಂದಳು. ಹೇಳಿ, ಗೆಳತಿಯರನ್ನು ನೋಡಿ ಬರುತ್ತೇನೆಂದು ಹೊರಟೇ ಹೋದಳು.

ಯಾವುದರಿಂದ ಬಿಡಿಸಬೇಕೆಂದು ಇಷ್ಟೆಲ್ಲ ಮಾಡಿದಳೋ ಮಗಳು ನೇರ ಅಲ್ಲಿಗೇ ಹೊರಟಿದ್ದಳು, ಅದೂ ಇವಳೇ ದೂಡಿದ ಹಾಗೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಉಗುಳಿದಳು. ಆ ವೈರು ಹಾಕಿಲ್ಲವೆಂದಳು, ಯಾಕೆ ಹಾಕಲಿಲ್ಲವೆಂಬುದನ್ನೂ ಹೇಳಿದಳು.

ರೇಡಿಯೋ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಅಕ್ಕ, ಭಾವ ಹೋದ ದಿನ ಆ ಯಂತ್ರದ ಪ್ಲಗ್ಗು ನಾನು ನೋಡ್ದೆ," ಎಂದ. "ಮೂರನೇ ಪಿನ್ ಇರ್ಲಿಲ್ಲ. ಶೆಡ್ಡಿನ ಸಾಕೆಟ್ಟಿಗೆ ಎರಡೇ ತೂತಿತ್ತಲ್ಲ, ಹಿಡಿಸ್ತಾ ಇಲ್ಲ ಅಂತ ಭಾವನೇ ಅದನ್ನ ಕೊಯ್ದು ಹಾಕಿದ್ರು. ಅದು ಬೇಡದ ಪಿನ್ನು ಅಂದ್ಕೊಂಡಿದ್ರು."

ಅವಳು ಸ್ಟೂಲಿನಿಂದ ಎದ್ದು ನಿಂತಳು. ಅವನು ಮುಂದುವರಿಸಿದ.

"ಸತ್ತೋರ ಮೇಲೆ ತಪ್ಪು ಹೊರಿಸೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಹೇಳಿರ್ಲಿಲ್ಲ. ಯಂತ್ರದೊಳಗೆ ಎಲ್ಲೋ ವೈರು ಸುಲಿದಿತ್ತು. ಆ ಪಿನ್ನಿದ್ದಿದ್ರೆ ಕರೆಂಟು ಮಣ್ಣಿಗೆ ಹೋಗಿ ಫ್ಯೂಸು ಹಾರ್ತಿತ್ತು. ಭಾವನ ಮೈಯೇ ದಾರಿ ಆಯ್ತು."

ನನ್ನ ಹೆದರಿಕೆ ಹಾಗಾದರೆ ಸುಳ್ಳೇ ಎಂದು ಅವಳು ಕೇಳಿದಳು. ಸುಳ್ಳಲ್ಲ ಎಂದ ಅವನು. ಗೋಡೆಯ ಅರ್ಥಿಂಗ್, ಅಂದರೆ ಮಣ್ಣಿಗೆ ಹೋಗುವ ವೈರು, ಕೆಟ್ಟಿದ್ದರೆ ನೀನು ಹೇಳಿದ ಹಾಗೆ ಆ ದಾರಿಯಲ್ಲೇ ವಾಪಸ್ಸು ಬರಬಹುದು, ಕಾಲೇಜಿನ ಹಾಲಿನಲ್ಲಿ ಹುಡುಗಿಯ ಹಲ್ಲು ಜುಮ್ಮೆಂದದ್ದು ಅಂಥದೇ ಗೋಡೆಯಿಂದ. ವೈರಿಗೆ ಹೆದರಬೇಡ, ಗೋಡೆಗೆ ಹೆದರು. ಹಾಲಿನ ಗೋಡೆಯನ್ನು ನಾನು ಸರಿಮಾಡಿಸುತ್ತೇನೆ, ನಿನ್ನ ಶೆಡ್ಡಿಗೂ ಹೊಸದಾಗಿ ಎಳೆಯುತ್ತೇನೆ, ಮುಚ್ಚಿದ ತೂತನ್ನು ತೆರೆಯುವುದು ನಿನ್ನ ಕೆಲಸ ಎಂದ.

ಆ ಕಡ್ಡಿಯನ್ನು ಕೊರೆದು ತೆಗೆಯಲು ಅವಳಿಗೆ ಇಡೀ ಬೆಳಗು ಬೇಕಾಯಿತು. ಅಷ್ಟು ಚೆನ್ನಾಗಿ ಮುಚ್ಚಿದ್ದಳು. ಆಮೇಲೆ ಆ ಕೊನೆಯ ವೈರನ್ನೂ ತೂರಿಸಿ ಬೆಸೆದಳು. ಅತ್ತ ರೇಡಿಯೋ ಶೆಡ್ಡಿನ ಹೊರಗೆ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಸುತ್ತ ಇದ್ದಿಲೂ ಉಪ್ಪೂ ತುಂಬಿ, ನೀರು ಹೊಯ್ದು ಮುಚ್ಚಿದ. ಗೋಡೆಗೆ ಮೂರು ತೂತಿನ ಸಾಕೆಟ್ಟು ಬಂತು, ಅಂಗಡಿಯಿಂದ ಆಂಪ್ಲಿಫೈಯರೂ ಬಂತು. ಪರೀಕ್ಷೆಯ ಬಲ್ಬು ಹಿಡಿದು ತೋರಿಸಿದ, ಅದು ಪೂರ್ತಿ ಉರಿಯಿತು, ಮಣ್ಣಿನ ದಾರಿ ಸರಿಯಿದೆ ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ಧೈರ್ಯವಾಗಿ ಹಾಕಿ ನೋಡಿ, ಹಾಗೂ ಅನುಮಾನವಿದ್ದರೆ ಮೊದಲು ಕೈಯ ಹಿಂಭಾಗ ತಾಗಿಸಿ, ಅಂಗೈಯಾದರೆ ಬಿಗಿದು ಹಿಡಿದುಕೊಂಡುಬಿಡುತ್ತದೆ ಎಂದು ತಾಯಿ ಮಗಳಿಬ್ಬರಿಗೂ ಹೇಳಿ ಕಾಲೇಜಿನ ಹಾಲಿನ ಕಡೆಗೆ ಹೋದ. ಊರಿನ ಸುದ್ದಿಯನ್ನೆಲ್ಲ ಹೇಳುವ ರೇಡಿಯೋ ಒಂದು ಮುಖ್ಯವಾದ ಮಾತು ಹೇಳುವುದನ್ನು ಮರೆತಿದ್ದ.

ಮೊದಲು ಮುಟ್ಟುವವಳು ನಾನು ಎಂದಳು ಉಳಿಯಮ್ಮ. ಮಗಳಿಗೆ ಹೊರಗೆ ನಿಲ್ಲಲು ಹೇಳಿದಳು. ಎಲ್ಲದಕ್ಕೂ ಎದುರುತ್ತರ ಕೊಡುವ ಹುಡುಗಿ ಅಂದು ತುಟಿ ಪಿಟಕ್ಕೆನ್ನಲಿಲ್ಲ, ಮುಖ ಬಿಳಿಚಿಕೊಂಡು ಹೊರಗೆ ಹೋದಳು. ಅದನ್ನು ಗಮನಿಸುವಷ್ಟು ಬುದ್ಧಿ ಉಳಿಯಮ್ಮನಿಗೆ ಆಗ ನೆಟ್ಟಗಿರಲಿಲ್ಲ. ಬಾಗಿಲು ಮುಂದಕ್ಕೆಳೆದಳು.

ಎಂಟು ವರ್ಷದ ಮೇಲೆ ಆ ಶೆಡ್ಡಿನಲ್ಲಿ ಸ್ವಿಚ್ಚು ಒತ್ತಿದಳು, ಸೌಟಿಲ್ಲದೆ. ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿತು. ಗುಂಯ್ ಎಂಬ ಸದ್ದು ಶುರುವಾಯಿತು. ಮೊದಲಿಗಿಂತ ಸಣ್ಣದು, ಆದರೆ ಇತ್ತು, ಒಂದೇ ಸಮನೆ ಇತ್ತು. ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ತಂತಿಗಳು ಬೆರಳಳತೆಯಲ್ಲಿದ್ದವು. ಕೈ ಎತ್ತಿದಳು, ಇಳಿಸಿದಳು. ಗಂಡನ ಕೈ ನೆನಪಾಯಿತು, ಆ ಕೈ ಕೊನೆಗೆ ಇದ್ದ ರೀತಿ ನೆನಪಾಯಿತು. ನಾನು ಹೋದರೆ ಇವಳಿಗೆ ಯಾರು ಎನಿಸಿತು. ನಾನು ಮುಟ್ಟದಿದ್ದರೆ ಇವಳು ಮುಟ್ಟುತ್ತಾಳೆ ಎಂದೂ ಅನಿಸಿತು. ಕಣ್ಣು ಮುಚ್ಚಿ, ಬೆರಳುಗಳ ಹಿಂಭಾಗವನ್ನು ತಂತಿಗಳಿಗೆ ತಾಗಿಸಿದಳು.

ಸದ್ದು ನಿಂತುಹೋಯಿತು.

ಇದೇ ಸಾವು ಎಂದುಕೊಂಡಳು. ಸಾಯುವಾಗ ಮೊದಲು ಕಿವಿ ಹೋಗುತ್ತದೆ ಎಂದುಕೊಂಡಳು. ನೋವಿರಲಿಲ್ಲ, ಬೆರಳಿಗೆ ಉಕ್ಕಿನ ತಂಪು ಮಾತ್ರ ತಿಳಿಯುತ್ತಿತ್ತು. ಮನುಷ್ಯರು ಮುಟ್ಟಿದರೆ ಆ ಗುಂಯ್ ಅಡಗಬೇಕು, ವೈರು ಸರಿಯಾಗಿ ಕೂತಿದೆ ಎಂಬುದಕ್ಕೆ ಅದೇ ಗುರುತು. ರೇಡಿಯೋ ಹೇಳಲು ಮರೆತದ್ದು ಇದನ್ನೇ. ಅವಳು ಕಣ್ಣು ತೆರೆಯಬೇಕು ಎನ್ನುವಷ್ಟರಲ್ಲಿ ಬಾಗಿಲು ದಢಾರೆಂದು ಬಡಿಯಿತು, ಯಾರೋ ನುಗ್ಗಿದರು, ಮೊಣಕೈಯ ಕೆಳಗೆ ಮೂಳೆ ಮುರಿಯುವಂಥ ಏಟು ಬಿತ್ತು. ಗಿಟಾರು ಜಾರಿ ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದಿತು. ಗುಂಯ್ ಎಂದು ಸದ್ದು ಮತ್ತೆ ಎದ್ದಿತು.

ಎದುರಿಗೆ ಮಗಳು ನಿಂತಿದ್ದಳು, ಕೈಯಲ್ಲಿ ಹೊರಗೆ ಬಿದ್ದಿದ್ದ ಯಾವುದೋ ಕುರ್ಚಿಯ ಕಾಲು. ಇನ್ನೊಂದು ಏಟಿಗೆ ಎತ್ತಿದ್ದಳು.

"ನಿಲ್ಸೆ, ಬದುಕಿದ್ದೀನಿ," ಎಂದಳು ಉಳಿಯಮ್ಮ. ಕೈ ಹಿಡಿದುಕೊಂಡು ನರಳಿದಳು.

ಮಗಳು ಕೋಲು ಬಿಡಲಿಲ್ಲ. ಮುಟ್ಟಿದರೆ ಸದ್ದು ನಿಲ್ಲುತ್ತದೆಂದು ತನಗೆ ಗೊತ್ತಿತ್ತು, ಆ ಹಳೆಯ ಗಿಟಾರಿನಲ್ಲೂ ಹಾಗೇ ಆಗುತ್ತಿತ್ತು, ಆದರೆ ಆ ಕ್ಷಣಕ್ಕೆ ಏನೂ ನೆನಪಾಗಲಿಲ್ಲ ಎಂದು ತೊದಲಿದಳು. ಒಣ ಮರದಿಂದ ಹೊಡೆದು ಬಿಡಿಸಬೇಕು, ಕೈಯಿಂದ ಎಳೆಯಬಾರದು ಎಂಬುದಷ್ಟೇ ನೆನಪಾಯಿತಂತೆ. ಅದನ್ನು ಅವಳು ಯಾವತ್ತೋ ಕೇಳಿ ಕೇಳಿ ತಿಳಿದುಕೊಂಡಿದ್ದಳು.

"ಅವತ್ತು ಗೊತ್ತಿರ್ಲಿಲ್ಲಮ್ಮ," ಎಂದಳು. "ಅಪ್ಪಂಗೆ ಬೀದಿ ನಲ್ಲಿಯಿಂದ ನೀರು ತಂದಿದ್ದೆ. ಈ ಬಾಗಿಲಲ್ಲೇ ನಿಂತಿದ್ದೆ. ಅಪ್ಪ ನನ್ನೇ ನೋಡ್ತಾ ಇದ್ದ. ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ಹೆದರಿ ಓಡ್ಹೋದೆ."

ಉಳಿಯಮ್ಮನಿಗೆ ಕೈಯ ನೋವು ಮರೆತುಹೋಯಿತು. ಮಗಳು ಆ ಹೊತ್ತು ಬೀದಿಯಲ್ಲಿ ಆಡುತ್ತಿದ್ದಳೆಂದೇ ಅವಳು ನಂಬಿದ್ದಳು. ಜನ ಸೇರಿದ ಮೇಲೆ ಯಾರೋ ಕರೆತಂದರು ಎಂದುಕೊಂಡಿದ್ದಳು. ಮನೆಯಲ್ಲಿ ಸೌಟು ಹಿಡಿದು ಓಡಾಡುತ್ತಿದ್ದವಳು ತಾನೊಬ್ಬಳೇ ಎಂದೂ, ಹುಡುಗಿ ಭಂಡಧೈರ್ಯದವಳು ಎಂದೂ ತಿಳಿದಿದ್ದಳು. ಹೆತ್ತ ತಾಯಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ಇನ್ನೊಂದು ಕೈಯಿಂದ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂಬತ್ತು ವರ್ಷದ ಮಗು ಏನು ಮಾಡಲಾದೀತು, ಓಡಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೆ ಇಬ್ಬರೂ ಇರುತ್ತಿರಲಿಲ್ಲ ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ಹುಡುಗಿ ಜೋರಾಗಿ ಅತ್ತಳು. ಅವಳು ಹೀಗೆ ಅತ್ತದ್ದನ್ನು ಉಳಿಯಮ್ಮ ಆ ದಿನವೂ ನೋಡಿರಲಿಲ್ಲ.

ಅಳು ನಿಂತ ಮೇಲೆ ಇಬ್ಬರೂ ಗಿಟಾರನ್ನು ಎತ್ತಿ ಹೊಟ್ಟು ಕೊಡವಿದರು. ಒಂದು ಮೂಲೆ ನುಗ್ಗಾಗಿತ್ತು, ಬೇರೇನೂ ಆಗಿರಲಿಲ್ಲ. ಉಳಿಯಮ್ಮ ಅದನ್ನು ಮಗಳ ತೊಡೆಯ ಮೇಲಿಟ್ಟಳು. ಮಗಳು ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ನಾನು ಮುಟ್ಟಲ್ಲಮ್ಮ. ಬೇಡ, ನಂಗಾಗಲ್ಲ."

ಹೌದು, ಬೇಡ ಬಿಡು ಎಂಬ ಮಾತು ಉಳಿಯಮ್ಮನ ನಾಲಿಗೆಯ ತುದಿಗೆ ಬಂತು. ಈ ಮಾತನ್ನು ಮಗಳ ಬಾಯಿಂದ ಕೇಳಲೆಂದು ಎಷ್ಟು ದಿನ ಕಾದಿದ್ದಳು. ಈಗ ಗಿಟಾರನ್ನು ಗೋಡೆಗೆ ನೇತುಹಾಕಬಹುದು, ಸ್ವಿಚ್ಚು ಆರಿಸಬಹುದು, ಇಬ್ಬರೂ ಮನೆಯೊಳಗೆ ಹೋಗಿ ಸುಖವಾಗಿ ಹೆದರಿಕೊಂಡಿರಬಹುದು. ಅವಳು ಊದಿಕೊಳ್ಳುತ್ತಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಮುಟ್ಟು," ಎಂದಳು. "ನಾನಿಲ್ಲೇ ಇದ್ದೀನಿ. ಕೈ ಹಿಂಭಾಗ ತಾಗಿಸು."

ಮಗಳು ಅಮ್ಮನನ್ನು ನೋಡಿದಳು. ಆಮೇಲೆ ಕೈ ಮುಂದಕ್ಕೆ ಬಂತು, ತಂತಿಗಳ ಹತ್ತಿರ ನಿಂತಿತು. ಬೆರಳು ತಾಗಿತು. ಶೆಡ್ಡು ಪೂರ್ತಿ ನಿಶ್ಶಬ್ದವಾಯಿತು, ಹೊರಗಿನ ಬೀದಿಯಲ್ಲಿ ಸೈಕಲ್ಲೊಂದು ಹೋದದ್ದೂ ಕೇಳಿಸಿತು.

"ಮಾತಾಡು," ಎಂದಳು ಉಳಿಯಮ್ಮ.

"ಇದ್ದೀನಮ್ಮ," ಎಂದಳು ಮಗಳು.